ಅರ್ಧಕ್ಕೆ ನಿಂತ ವಯರಿಂಗ್: ಹೊಸ ಎಲೆಕ್ಟ್ರಿಷಿಯನ್‌ಗೆ ಕೆಲಸ ಒಪ್ಪಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬ್ ಹತ್ತಿ ನೋಡಿದರೆ ಒಂದು ಮೂಲೆಯಲ್ಲಿ ಮೂರ್ನಾಲ್ಕು ಪಿವಿಸಿ ಪೈಪು ಬಾಯಿ ತೆರೆದು ನಿಂತಿರುವುದು ಮಾಮೂಲು. ಮುಂದೆ ಮಹಡಿ ಎಬ್ಬಿಸುವಾಗ ವಯರ್ ಎಳೆಯಲಿಕ್ಕೆ ಬೇಕೆಂದು ಬಿಟ್ಟದ್ದು. ಒಂದು ಮಳೆಗಾಲ ದಾಟುವಷ್ಟರಲ್ಲಿ ಆ ಬಾಯಿಗಳಿಂದ ಇಳಿದ ನೀರು ಕೆಳಗಿನ ಕೋಣೆಯ ಫ್ಯಾನ್ ಬಾಕ್ಸಿನಲ್ಲಿ ತೊಟ್ಟಿಕ್ಕುತ್ತದೆ, ಇಲ್ಲವೇ ಸ್ವಿಚ್ ಬೋರ್ಡಿನ ಕಬ್ಬಿಣದ ಪೆಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಬೇಸಿಗೆಯಲ್ಲಿ ಕಣಜ ಬಂದು ಅದೇ ಪೈಪಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಇಂಥ ಮನೆಗೆ ಹೊಸ ಎಲೆಕ್ಟ್ರಿಷಿಯನ್ ಬಂದು, ಗೋಡೆ ನೋಡಿ, ಬೆರಳಲ್ಲಿ ಪಾಯಿಂಟ್ ಎಣಿಸಿ, "ಇಷ್ಟಾಗ್ತದೆ, ನಾಳೆಯೇ ಸುರು ಮಾಡುವ" ಅಂದರೆ ಖುಷಿಪಡಬೇಡಿ. ಅರ್ಧ ವಯರಿಂಗಿನ ಖರ್ಚು ಅಡಗಿರುವುದು ಪೈಪಿನೊಳಗೆ. ಅದನ್ನು ತೆರೆದು ನೋಡದೆ ಹೇಳಿದ ದರ ಒಂದೋ ಆಮೇಲೆ ಏರುತ್ತದೆ, ಇಲ್ಲವೇ ಆ ದರಕ್ಕೆ ಹೊಂದುವಂತೆ ಕೆಲಸ ಇಳಿಯುತ್ತದೆ.

ಕರೆಯುವ ಮೊದಲು

ತೊಂದರೆ ಮೀಟರಿನ ಯಾವ ಕಡೆ ಇದೆ ಎಂದು ಮೊದಲು ಗೊತ್ತಾಗಬೇಕು. ಕಂಬದಿಂದ ಮೀಟರಿನವರೆಗಿನದ್ದು ಮೆಸ್ಕಾಂ ಕೆಲಸ. ಮೀಟರ್ ದಾಟಿದ ಮೇಲಿನದ್ದು ಮನೆಯವರದ್ದು. ಪಕ್ಕದ ಮನೆಯಲ್ಲೂ ಬಲ್ಬು ಮಂಕಾಗಿ ಉರಿಯುತ್ತಿದ್ದರೆ, ಗಾಳಿ ಬೀಸಿದಾಗಲೆಲ್ಲ ಲೈಟು ಮಿಟುಕುತ್ತಿದ್ದರೆ 1912ಕ್ಕೆ ಕರೆ ಮಾಡಿ. ಮೀಟರಿನ ಸೀಲ್ ಮುಟ್ಟುವ ಹಕ್ಕು ಖಾಸಗಿ ಎಲೆಕ್ಟ್ರಿಷಿಯನ್‌ಗೆ ಇಲ್ಲ, ಅವರು ಎಷ್ಟೇ ಪರಿಚಯದವರಾಗಲಿ.

ಒಂದು ಲಕ್ಷಣ ಕಂಡರೆ ಮಾತ್ರ ಕಾಯಬೇಡಿ. ತ್ರೀ ಫೇಸ್ ಮನೆಯಲ್ಲಿ ಒಂದು ಕೋಣೆಯ ಬಲ್ಬು ಕಣ್ಣು ಕುಕ್ಕುವಷ್ಟು ಉರಿದು, ಇನ್ನೊಂದು ಕೋಣೆಯದ್ದು ಮಿಣುಕುತ್ತಿದ್ದರೆ ನ್ಯೂಟ್ರಲ್ (ಕರೆಂಟು ಮರಳುವ ವಯರ್) ಕಡಿದಿದೆ ಎಂದರ್ಥ. 230 ವೋಲ್ಟ್ ಇರಬೇಕಾದ ಕಡೆ 300 ದಾಟಿ, ಕೆಟ್ಟ ಸಂದರ್ಭದಲ್ಲಿ 400ರ ಹತ್ತಿರ ಬರಬಹುದು. ಟಿವಿ, ಫ್ರಿಜ್ಜು, ವೈಫೈ ಒಟ್ಟಿಗೆ ಸುಡುವುದು ಹೀಗೆ. ಮೊದಲು ಮೈನ್ ಇಳಿಸಿ, ಫೋನ್ ಆಮೇಲೆ.

ಉಳಿದ ದೂರುಗಳನ್ನು ಒಂದು ಹಾಳೆಯಲ್ಲಿ ಕೋಣೆವಾರು ಬರೆಯಿರಿ. "ಕರೆಂಟಿನ ಸಮಸ್ಯೆ" ಎಂದು ಬರೆದರೆ ಉಪಯೋಗವಿಲ್ಲ. "ಅಡುಗೆಕೋಣೆಯ ಮಿಕ್ಸಿ ಪ್ಲಗ್ಗು ಬಿಸಿಯಾಗ್ತದೆ", "ಗೇಟಿನ ಲೈಟು ಹಾಕಿದರೆ ಮಳೆಗೆ ಮಾತ್ರ ಟ್ರಿಪ್", "ಸ್ವಿಚ್ ಆಫ್ ಇದ್ದರೂ ಎಲ್‌ಇಡಿ ಮಂದವಾಗಿ ಉರಿಯುತ್ತದೆ" ಎಂಬಂತೆ ಇರಲಿ. ಹಿಂದಿನವರು ಬಿಟ್ಟುಹೋದ ಸಾಮಾನನ್ನೂ ಎಣಿಸಿ, ಪ್ರತಿ ಬೋರ್ಡು, ಪ್ರತಿ ಪೈಪಿನ ಬಾಯಿಯ ಫೋಟೋ ತೆಗೆದಿಡಿ. ಸಾರಣೆಗೆ ಮೊದಲು ಗೋಡೆಯ ಪೈಪ್ ದಾರಿ ತೆಗೆದ ಫೋಟೋ ಯಾರ ಮೊಬೈಲಿನಲ್ಲಾದರೂ ಇದ್ದರೆ ಹುಡುಕಿಸಿ. ಎಷ್ಟೋ ಸಲ ಅದು ಮೇಸ್ತ್ರಿಯ ಹತ್ತಿರ ಇರುತ್ತದೆ.

ಯಾರನ್ನು ಕರೆಯುವುದು

ಎಲೆಕ್ಟ್ರಿಕಲ್ ಗುತ್ತಿಗೆದಾರರಿಗೆ ಲೈಸೆನ್ಸ್ ಬೇಕು. ಕರ್ನಾಟಕದಲ್ಲಿ ಇದು ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಬರುತ್ತದೆ. ಹೊಸ ಸಂಪರ್ಕಕ್ಕೋ ಲೋಡ್ ಏರಿಸಲಿಕ್ಕೋ ಮೆಸ್ಕಾಂಗೆ ಅರ್ಜಿ ಹಾಕುವಾಗ ಕೆಲಸ ಮುಗಿದ ವರದಿಗೆ ಸಹಿ ಹಾಕುವವರು ಇವರೇ. ಊರಲ್ಲಿ ನಡೆಯುವುದು ಮಾತ್ರ ಹೆಚ್ಚಾಗಿ ಬೇರೆ: ಸಹಿ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು, ಸಹಿ ಹಾಕಿದವರು ಮನೆಯ ಗೇಟನ್ನೂ ನೋಡಿರುವುದಿಲ್ಲ. ಲೈಸೆನ್ಸ್ ಪ್ರತಿ ಕೇಳಿ, ಅವಧಿ ನೋಡಿ, "ಕೊನೆಯ ಪರೀಕ್ಷೆಯ ದಿನ ಲೈಸೆನ್ಸ್ ಇರುವವರೇ ಬರ್ತಾರಾ?" ಎಂದು ಕೇಳಿ. ಆ ಉತ್ತರ ಸಾಕಷ್ಟು ಹೇಳುತ್ತದೆ.

ಫೋನಿನಲ್ಲೇ ಇನ್ನೊಂದು ಪ್ರಶ್ನೆ ಹಾಕಿ: "ಮೆಗ್ಗರ್ ಉಂಟಾ?" ಮೆಗ್ಗರ್ ಎಂದರೆ ವಯರಿನ ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಎಂದು 500 ವೋಲ್ಟ್ ಡಿಸಿ ಹಾಯಿಸಿ ನೋಡುವ ಉಪಕರಣ. ಟೆಸ್ಟರ್ ಸ್ಕ್ರೂಡ್ರೈವರ್ ಒಂದನ್ನೇ ಜೇಬಿಗೆ ಹಾಕಿಕೊಂಡು ಬರುವವರಿಂದ ಬಲ್ಬು ಬದಲಾಯಿಸುವ ಕೆಲಸ ಆದೀತು, ಅರ್ಧ ವಯರಿಂಗ್ ಒಪ್ಪಿಕೊಳ್ಳುವ ಕೆಲಸ ಆಗದು. ನೇಮ, ಜಾತ್ರೆ, ಮದುವೆಗೆ ದೀಪದ ಸಾಲು ಕಟ್ಟುವವರು ತಮ್ಮ ಕೆಲಸದಲ್ಲಿ ಚುರುಕು. ಆದರೆ ಮೂರು ದಿನಕ್ಕೆ ಕಟ್ಟಿ ಬಿಚ್ಚುವ ಕೆಲಸಕ್ಕೂ ಮೂವತ್ತು ವರ್ಷ ಗೋಡೆಯೊಳಗೆ ಇರಬೇಕಾದ ಕೆಲಸಕ್ಕೂ ಕೈಪಳಗು ಬೇರೆ.

ಮೊದಲ ದಿನ: ತೆರೆದು ನೋಡುವುದು

ಈ ದಿನದ ಕೂಲಿಯನ್ನು ಬೇರೆಯಾಗಿ ಕೊಡಿ, ಕೆಲಸ ಅವರಿಗೆ ಸಿಗಲಿ ಬಿಡಲಿ. ಬಿಟ್ಟಿ ತಪಾಸಣೆಯಲ್ಲಿ ಯಾರೂ ಹತ್ತು ಬೋರ್ಡು ಬಿಚ್ಚುವುದಿಲ್ಲ.

ಮೈನ್ ಇಳಿಸಿ, ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ಗನ್ನೂ ಎಳೆದಿಟ್ಟ ಮೇಲೆ ಬೋರ್ಡು ತೆರೆಯಬೇಕು. ಇನ್ವರ್ಟರ್ ಮರೆತು ಪೆಟ್ಟು ತಿನ್ನುವುದು ಸಾಮಾನ್ಯ. ಆಮೇಲೆ ಖಾಲಿ ಪೈಪುಗಳಿಗೆ ಒಂದೊಂದಾಗಿ ವಯರ್ ಎಳೆಯುವ ಸ್ಪ್ರಿಂಗ್ ತೂರಿಸಿ ಆಚೆ ತುದಿಯಲ್ಲಿ ಬರುತ್ತದೆಯೇ ನೋಡುವುದು. ಸ್ಲ್ಯಾಬ್ ಹಾಕುವಾಗ ಸಿಮೆಂಟಿನ ಹಾಲು ಇಳಿದು ಕಟ್ಟಿಕೊಂಡ ಪೈಪು ಬಿಡುವುದಿಲ್ಲ. ಅದಕ್ಕೆ ಗೋಡೆ ಮೇಲೆ ಹೊಸ ದಾರಿ ಬೇಕು. ಎಷ್ಟು ಪೈಪು ಬಂದ್ ಎಂಬುದು ಈಗಲೇ ಗೊತ್ತಾಗಲಿ. ನೀರಿದ್ದ ಪೈಪಿಗೆ ಬ್ಲೋವರ್ ಹಿಡಿದು ಒಣಗಿಸಿ, ಮೇಲಿನ ಬಾಯಿಗೆ ಅದೇ ದಿನ ಎಂಡ್ ಕ್ಯಾಪ್ ಅಂಟಿಸಬೇಕು. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಅದು ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಗಡುವಿನ ದಿನ) ಮೊದಲ ಗಾಳಿಮಳೆಗೇ ಹಾರಿಹೋಗುತ್ತದೆ.

ವಯರ್ ಎಳೆದಾಗಿರುವ ಪೈಪುಗಳಲ್ಲಿ ಹುಡುಕಬೇಕಾದ್ದು ಜಾಯಿಂಟ್. ಎರಡೂ ತುದಿ ಬಿಡಿಸಿ ಮೆಲ್ಲಗೆ ಎಳೆದರೆ ವಯರ್ ಜಾರಬೇಕು. ಎಲ್ಲೋ ಸಿಕ್ಕಿಕೊಂಡರೆ ಒಳಗೆ ಟೇಪು ಸುತ್ತಿದ ಗಂಟು ಇರಬಹುದೆಂದು ಅನುಮಾನಿಸಿ, ಹೊರಗೆ ಎಳೆದೇ ನೋಡಬೇಕು. ಪೈಪಿನ ಮಧ್ಯೆ ಜಾಯಿಂಟ್ ಇರಲೇಬಾರದು. ಬೇಕಾದರೆ ಜಂಕ್ಷನ್ ಬಾಕ್ಸಿನಲ್ಲಿ ಕನೆಕ್ಟರ್ ಹಾಕಿ ಮಾಡಬೇಕು, ಮುಚ್ಚಳ ತೆರೆದು ನೋಡಲಿಕ್ಕಾಗುವ ಹಾಗೆ. 20 ಮಿ.ಮೀ ಪೈಪಿನಲ್ಲಿ 1.5 ಚದರ ಮಿ.ಮೀ ವಯರ್ ಐದಕ್ಕಿಂತ ಹೆಚ್ಚು ತುರುಕಿದ್ದರೆ ಅದೂ ದೂರಿನ ಪಟ್ಟಿಗೆ ಸೇರಲಿ.

ಬೋರ್ಡಿನೊಳಗೆ ಒಂದು ಕಳ್ಳಕೆಲಸ ಪದೇಪದೇ ಸಿಗುತ್ತದೆ. 4 ಚದರ ಮಿ.ಮೀ ವಯರ್ ಸ್ವಿಚ್ಚಿನ ತೂತಿಗೆ ಹಿಡಿಸದಿದ್ದಾಗ ಅದರ ಹತ್ತಿಪ್ಪತ್ತು ಎಳೆ ಕತ್ತರಿಸಿ, ಉಳಿದದ್ದನ್ನು ತುರುಕಿ ಸ್ಕ್ರೂ ಬಿಗಿಯುವುದು. ಹೊರಗಿನಿಂದ ವಯರ್ ದಪ್ಪ ಕಾಣುತ್ತದೆ, ಟರ್ಮಿನಲ್ಲಿನಲ್ಲಿ ಮಾತ್ರ ಅದು ತೆಳ್ಳಗಾಗಿರುತ್ತದೆ. ಗೀಸರ್ ಓಡುತ್ತಾ ಹೋದಂತೆ ಅಲ್ಲೇ ಬಿಸಿಯೇರಿ ಕಪ್ಪಗಾಗಬಹುದು. ಗೀಸರ್, ಎಸಿ, ಇಂಡಕ್ಷನ್ ಒಲೆಯ ಬೋರ್ಡುಗಳನ್ನು ಎದುರೇ ಬಿಚ್ಚಿಸಿ, ಟರ್ಮಿನಲ್ ತೋರಿಸಲು ಹೇಳಿ.

ಮುರಕಲ್ಲಿನ ಗೋಡೆಯಲ್ಲಿ ಇನ್ನೊಂದು ಸಂಗತಿ ಇದೆ. ಕಲ್ಲು ಕಡಿಯಲು ಸುಲಭ, ಹಾಗೆಯೇ ಅಂಚು ಪುಡಿಯಾಗುವುದೂ ಸುಲಭ. ಬಾಕ್ಸಿನ ಸುತ್ತ ಸಿಮೆಂಟ್ ಗಾರೆ ತುಂಬದೆ ಪುಟ್ಟಿ ಮೆತ್ತಿದ್ದರೆ ಪ್ಲಗ್ ಎಳೆದಾಗ ಇಡೀ ಬಾಕ್ಸು ಅಲ್ಲಾಡುತ್ತದೆ. ಪಡುವಣ ಗೋಡೆಗೆ ಜೂನಿನಿಂದ ಸೆಪ್ಟೆಂಬರ್ ತನಕ ಮಳೆ ನೇರ ಬಡಿಯುವುದರಿಂದ ಆ ಗೋಡೆಯ ಬೋರ್ಡುಗಳನ್ನು ಸಾಧ್ಯವಾದರೆ ಒಳಗೋಡೆಗೆ ಸ್ಥಳಾಂತರಿಸಿ. ಮಲ್ಪೆ, ಪಣಂಬೂರು, ಕಾಪು ಕಡೆಯ ಉಪ್ಪುಗಾಳಿಗೆ ತಗಡಿನ ಬಾಕ್ಸಿಗಿಂತ ಪಿವಿಸಿ ಬಾಕ್ಸೇ ವಾಸಿ.

ಕೊನೆಗೆ ಮೆಗ್ಗರ್. ಬಲ್ಬು, ಫ್ಯಾನ್ ರೆಗ್ಯುಲೇಟರ್, ಪ್ಲಗ್ಗಿಗೆ ಹಾಕಿದ ಸಾಮಾನು, ಸಿಡಿಲಿಗೆಂದು ಹಾಕಿದ ಎಸ್‌ಪಿಡಿ ಇದ್ದರೆ ಅದು, ಎಲ್ಲ ಕಳಚಿಡಬೇಕು. 500 ವೋಲ್ಟಿಗೆ ಎಲೆಕ್ಟ್ರಾನಿಕ್ಸ್ ಉಳಿಯುವುದಿಲ್ಲ. ಸ್ವಿಚ್ಚುಗಳನ್ನೆಲ್ಲ ಆನ್ ಮಾಡಿ, ಒಂದೊಂದು ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಒಟ್ಟು ಸೇರಿಸಿ ಅರ್ಥ್‌ಗೆ ಎದುರಾಗಿ ಅಳೆಯುವುದು. 1 ಮೆಗಾಓಮಿಗಿಂತ ಕಡಿಮೆ ಬಂದ ಸರ್ಕ್ಯೂಟಿಗೆ ಕರೆಂಟು ಕೊಡಬಾರದು. ಹೊಸ ವಯರ್, ಒಣ ಪೈಪು ಇದ್ದರೆ ಹತ್ತಾರು ಮೆಗಾಓಮ್ ಸಲೀಸಾಗಿ ಬರುತ್ತದೆ. ಎರಡೋ ಮೂರೋ ಬಂದರೆ ಎಲ್ಲೋ ನೀರಿದೆ. ಈ ಪರೀಕ್ಷೆ ಏಪ್ರಿಲಿನಲ್ಲಿ ಮಾಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಜುಲೈನ ಅಂಕಿಯೇ ನಿಜದ ಅಂಕಿ.

ಆರ್‌ಸಿಸಿಬಿ ಬೀಳುತ್ತದೆ ಎಂಬ ದೂರು

ಊರಲ್ಲಿ ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ಮರಳಿ ಬರುತ್ತದೆಯೇ ಎಂದು ನೋಡುವುದು ಅದರ ಕೆಲಸ. 30 ಮಿಲಿ ಆಂಪಿಯರಿನಷ್ಟು ಎಲ್ಲೋ ಸೋರಿಹೋದರೆ ಬೀಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಬಿದ್ದರೆ ಅದನ್ನು ಬೈದು ಪ್ರಯೋಜನವಿಲ್ಲ. ಅದು ಹೇಳುತ್ತಿರುವುದು ನಿಜ.

ಹುಡುಕುವ ಕ್ರಮ ಹೀಗೆ. ಎಂಸಿಬಿಗಳನ್ನೆಲ್ಲ (ಒಂದೊಂದು ಸರ್ಕ್ಯೂಟಿಗಿರುವ, ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್ಚು) ಇಳಿಸಿ ಆರ್‌ಸಿಸಿಬಿ ಏರಿಸಿ, ನಂತರ ಒಂದೊಂದೇ ಎಂಸಿಬಿ ಮೇಲೆ ಮಾಡಿ. ಯಾವುದಕ್ಕೆ ಬೀಳುತ್ತದೋ ಆ ಸರ್ಕ್ಯೂಟಿನಲ್ಲಿ ಫೇಸ್ ಸೋರುತ್ತಿದೆ. ಸಾಮಾನ್ಯವಾಗಿ ಗೇಟಿನ ಲೈಟು, ಟೆರೇಸಿನ ಪ್ಲಗ್ಗು, ಬಾವಿಯ ಪಂಪು ಸಿಕ್ಕಿಬೀಳುತ್ತವೆ. ಯಾವುದನ್ನು ಏರಿಸಿದರೂ ಬಿದ್ದರೆ, ಅಥವಾ ಮಿಕ್ಸಿಯೋ ಇಸ್ತ್ರಿ ಪೆಟ್ಟಿಗೆಯೋ ಹಾಕಿದಾಗ ಮಾತ್ರ ಬಿದ್ದರೆ, ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ, ಯಾಕೆಂದರೆ ಸಾದಾ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಂಸಿಬಿ ಕೆಳಗಿದ್ದರೂ ಆ ಸರ್ಕ್ಯೂಟಿನ ನ್ಯೂಟ್ರಲ್ ಡಿಬಿಯ (ಎಂಸಿಬಿಗಳು ಕೂತಿರುವ ಪೆಟ್ಟಿಗೆ) ಪಟ್ಟಿಯಲ್ಲಿ ಹಾಗೆಯೇ ಸೇರಿರುತ್ತದೆ. ಮೈನ್ ಇಳಿಸಿ, ನ್ಯೂಟ್ರಲ್ ಪಟ್ಟಿಯಿಂದ ವಯರುಗಳನ್ನು ಒಂದೊಂದಾಗಿ ಬಿಡಿಸಿ ಮೆಗ್ಗರಿನಲ್ಲಿ ಅರ್ಥ್‌ಗೆ ಎದುರಾಗಿ ನೋಡಿದರೆ ಅರ್ಧ ಗಂಟೆಯಲ್ಲಿ ಕಳ್ಳ ಸಿಗುತ್ತಾನೆ.

ಇನ್ವರ್ಟರ್ ಇರುವ ಮನೆಯಲ್ಲಿ ಮೂರನೆಯ ಕಾರಣವೊಂದಿದೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಸ್ವಿಚ್ ಬೋರ್ಡಿನಲ್ಲಿ ಮನೆಯ ನ್ಯೂಟ್ರಲ್ ಜೊತೆ ಸೇರಿಸಿ ಒಂದೇ ಗಂಟು ಹಾಕಿದರೆ ಹೋದ ಕರೆಂಟು ಬೇರೆ ದಾರಿಯಲ್ಲಿ ಮರಳುತ್ತದೆ, ಆರ್‌ಸಿಸಿಬಿಗೆ ಲೆಕ್ಕ ತಪ್ಪುತ್ತದೆ. ಸರಿಯಾದ ಪರಿಹಾರ ಇನ್ವರ್ಟರಿಗೆ ಡಿಬಿಯಿಂದಲೇ ಬೇರೆ ನ್ಯೂಟ್ರಲ್ ಎಳೆದು, ಬೋರ್ಡಿನಲ್ಲಿ ಎಲ್ಲೂ ಬೆರೆಸದಿರುವುದು. ಸೋಮಾರಿ ಪರಿಹಾರ ಆರ್‌ಸಿಸಿಬಿಯನ್ನು "ಡೈರೆಕ್ಟ್" ಮಾಡುವುದು. ಹಾಗೆ ಮಾಡೋಣ ಎಂದು ಸಲಹೆ ಕೊಟ್ಟವರಿಗೆ ಟೀ ಕೊಟ್ಟು ಕಳುಹಿಸಿ.

ಬಾವಿಯ ಪಂಪಿಗೆ, ಹೊರಗಿನ ಲೈಟುಗಳಿಗೆ ಪ್ರತ್ಯೇಕವಾಗಿ, ಸೋರಿಕೆಗೂ ಹೆಚ್ಚು ಲೋಡಿಗೂ ಬೀಳುವ ಆರ್‌ಸಿಬಿಒ ಹಾಕಿಸಿದರೆ ತೋಟದ ಮೂಲೆಯ ಒದ್ದೆ ಹೋಲ್ಡರಿಗಾಗಿ ಇಡೀ ಮನೆ ಕತ್ತಲಲ್ಲಿ ಕೂರುವುದು ತಪ್ಪುತ್ತದೆ.

ಸಾಮಾನಿನ ಲೆಕ್ಕ

ಲೈಟು, ಫ್ಯಾನಿಗೆ 1.5 ಚದರ ಮಿ.ಮೀ, ಅದಕ್ಕೆ 6 ಅಥವಾ 10 ಆಂಪಿಯರ್ ಎಂಸಿಬಿ. 16 ಆಂಪಿಯರ್ ಪ್ಲಗ್ಗಿಗೆ 2.5, ಎಂಸಿಬಿ 16. ಎಸಿ, ಗೀಸರಿಗೆ 4, ಎಂಸಿಬಿ 20. ಎಂಸಿಬಿ ಕಾಯುವುದು ವಯರನ್ನು. ಆಗಾಗ ಬೀಳುತ್ತದೆಂದು 1.5ರ ವಯರಿಗೆ 32ರ ಎಂಸಿಬಿ ಹಾಕಿದರೆ ವಯರೇ ಫ್ಯೂಸ್ ಆಗುತ್ತದೆ, ಗೋಡೆಯೊಳಗೆ.

ವಯರಿನ ಮೇಲೆ ಐಎಸ್ 694 ಗುರುತು ಇರಲಿ. ನಕಲಿಯ ಅನುಮಾನ ಬಂದರೆ ತಕ್ಕಡಿಗೆ ಹಾಕಿ. 90 ಮೀಟರಿನ 2.5ರ ಕಾಯಿಲಿನಲ್ಲಿ ತಾಮ್ರವೇ ಸುಮಾರು 2 ಕಿಲೋ ಇರಬೇಕು, 1.5ರದ್ದರಲ್ಲಿ 1.2 ಕಿಲೋ. ಮೇಲೆ ಪಿವಿಸಿಯ ತೂಕ ಬೇರೆ. ಪ್ಲಾಸ್ಟಿಕ್ ಸೇರಿಯೂ 2 ಕಿಲೋ ತೂಗದ 2.5ರ ಕಾಯಿಲನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಮಲ್ಟಿಮೀಟರ್ ಇರುವವರು ಇಡೀ ಕಾಯಿಲಿನ ಎರಡು ತುದಿಗೆ ಹಿಡಿದರೆ 2.5ಕ್ಕೆ 0.7 ಓಮಿನ ಆಸುಪಾಸು, 1.5ಕ್ಕೆ 1.2 ಓಮ್ ಬರುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬಂದರೆ ತಾಮ್ರ ಕಡಿಮೆ.

ಎಷ್ಟು ಕಾಯಿಲ್ ಬೇಕು? ಮಹಡಿಯ ಎರಡು ಕೋಣೆ, ಒಂದು ಹಾಲ್ ಇಟ್ಟುಕೊಳ್ಳಿ, 18 ಲೈಟು ಫ್ಯಾನ್ ಪಾಯಿಂಟ್. ಬೋರ್ಡಿನಿಂದ ಪಾಯಿಂಟಿಗೆ ಸರಾಸರಿ 8 ಮೀಟರ್ ಆದರೆ 144 ಮೀಟರ್ ಫೇಸ್, ಅಷ್ಟೇ ನ್ಯೂಟ್ರಲ್. ಡಿಬಿಯಿಂದ ಮೂರು ಬೋರ್ಡಿಗೆ 12 ಮೀಟರಿನಂತೆ ಇನ್ನು 36. ಅಲ್ಲಿಗೆ ಕೆಂಪು 180, ಕಪ್ಪು 180, ಅಂದರೆ ಎರಡೆರಡು ಕಾಯಿಲ್. ಲೆಕ್ಕಕ್ಕೆ ಇದು ಸರಿ, ಕೈಗೆ ಸಾಲದು. ಪ್ರತಿ ಬಾಕ್ಸಿನಲ್ಲಿ ಒಂದು ಗೇಣು ಬಿಡಬೇಕು, ತುದಿಯಲ್ಲಿ ಉಳಿಯುವ ಮೂರು ನಾಲ್ಕು ಮೀಟರಿನ ತುಂಡುಗಳು ಎಲ್ಲಿಗೂ ಮುಟ್ಟುವುದಿಲ್ಲ. ಆಗ ತುಂಡಿಗೆ ತುಂಡು ಸೇರಿಸುವುದು ಶುರುವಾಗುತ್ತದೆ. ಪೈಪಿನೊಳಗಿನ ಟೇಪು ಗಂಟು ಹುಟ್ಟುವುದು ಹೀಗೆಯೇ. ಕಪ್ಪು ಮುಗಿದರೆ ಹಸಿರನ್ನೇ ನ್ಯೂಟ್ರಲ್ ಮಾಡಿಬಿಡುವುದೂ ಇದೇ ಹೊತ್ತಿನಲ್ಲಿ, ಮತ್ತು ಮುಂದೊಂದು ದಿನ ಅದನ್ನು ಅರ್ಥ್ ಎಂದು ನಂಬಿ ಮುಟ್ಟುವವರು ಇನ್ಯಾರೋ. ಕೆಂಪು, ಕಪ್ಪಿನಲ್ಲಿ ಒಂದೊಂದು ಕಾಯಿಲ್ ಹೆಚ್ಚು ತಂದು, ಸೀಲ್ ತೆರೆಯದ್ದನ್ನು ಹಿಂದೆ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರಲ್ಲಿ ಮೊದಲೇ ಮಾತಾಡಿಡಿ.

ಸಾಮಾನು ನೀವೇ ತರುವುದು ಒಳ್ಳೆಯದು, ಪಟ್ಟಿ ಅವರದ್ದಿರಲಿ, ಬಿಲ್ ನಿಮ್ಮ ಹೆಸರಿಗಿರಲಿ.

ಕಾಗದ, ಹಣ

ಹೊಸಬರು ಹಳೆಯ ಕೆಲಸಕ್ಕೆ ಗ್ಯಾರಂಟಿ ಕೊಡುವುದಿಲ್ಲ, ಕೇಳುವುದೂ ನ್ಯಾಯವಲ್ಲ. ಅದಕ್ಕೆ ಉಪಾಯ ಸರ್ಕ್ಯೂಟ್‌ವಾರು ವಿಂಗಡಣೆ. ಮೆಗ್ಗರಿನಲ್ಲಿ ಪಾಸಾದ ಹಳೆಯ ಸರ್ಕ್ಯೂಟ್ ಉಳಿಯಲಿ, ಪಾಸಾಗದ್ದನ್ನು ಹೊಸದಾಗಿ ಎಳೆಯಲಿ, ಹೊಸದಕ್ಕೆ ಪೂರ್ತಿ ಜವಾಬ್ದಾರಿ ಅವರದ್ದು. ಒಂದು ಹಾಳೆ ಸಾಕು, ಮಾತು ಮಾತ್ರ ಸ್ಪಷ್ಟವಾಗಿರಬೇಕು. ಉದಾಹರಣೆಗೆ:

"ಮಹಡಿಯ 18 ಲೈಟ್ ಪಾಯಿಂಟ್, 5 ಪವರ್ ಪಾಯಿಂಟ್ ಹೊಸದಾಗಿ ಎಳೆಯುವುದು. ಪೈಪಿನೊಳಗೆ ಜಾಯಿಂಟ್ ಇರುವುದಿಲ್ಲ. ಹಸಿರು ವಯರ್ ಅರ್ಥ್‌ಗೆ ಮಾತ್ರ. ಬಂದ್ ಆದ 3 ಪೈಪಿಗೆ ಗೋಡೆ ಕಡಿಯುವುದು, ಗಾರೆ ತುಂಬುವುದು ಕೂಲಿಯಲ್ಲಿ ಸೇರಿದೆ, ಪೈಂಟ್ ಸೇರಿಲ್ಲ. ಕೊನೆಗೆ ಪ್ರತಿ ಸರ್ಕ್ಯೂಟಿನ ಮೆಗ್ಗರ್ ಅಂಕಿ ಬರೆದು ಕೊಡುವುದು."

"ಗೋಡೆ ಕಡಿಯುವುದು ಯಾರು" ಎಂಬ ಒಂದು ಸಾಲು ಬರೆಯದೆ ಆಗುವ ಜಗಳ ದೊಡ್ಡದು. ಪಾಯಿಂಟ್ ಎಂದರೇನು ಎಂಬುದೂ ಹಾಗೆಯೇ: ಎರಡು ಕಡೆ ಸ್ವಿಚ್ ಇರುವ ಮೆಟ್ಟಿಲಿನ ಲೈಟು ಒಂದು ಪಾಯಿಂಟೋ ಎರಡೋ, ಮೊದಲೇ ತೀರ್ಮಾನವಾಗಲಿ.

ಕೂಲಿಯನ್ನು ನಾಲ್ಕು ಕಂತು ಮಾಡಿ. ಪೈಪು, ಬಾಕ್ಸು ಕೂತು ಸ್ಪ್ರಿಂಗ್ ಹಾಯ್ದ ಮೇಲೆ ಕಾಲು ಭಾಗ. ವಯರ್ ಎಳೆದು ಮೆಗ್ಗರ್ ಪಾಸಾದ ಮೇಲೆ ಇನ್ನೊಂದು ಮೂರನೇ ಒಂದರಷ್ಟು. ಸ್ವಿಚ್ಚು, ಡಿಬಿ ಮುಗಿದು ಕೊನೆಯ ಪರೀಕ್ಷೆ ಆದ ಮೇಲೆ ಹೆಚ್ಚಿನ ಉಳಿಕೆ. ಶೇಕಡಾ 10 ಮಳೆಗೆ ಇಟ್ಟುಕೊಳ್ಳಿ. ವಯರ್ ಎಳೆಯುವ ಮೊದಲೇ ಮುಕ್ಕಾಲು ಹಣ ಕೊಟ್ಟರೆ ಮದುವೆ ಸೀಸನ್ನಿನಲ್ಲಿ ಅವರನ್ನು ಹಿಡಿಯಲಿಕ್ಕೆ ಸಿಗುವುದಿಲ್ಲ.

ಅರ್ಥಿಂಗ್

ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಹಿಡಿದು ಚೆನ್ನಾಗಿ ಕರೆಂಟು ಇಳಿಸುತ್ತದೆ, ಏಪ್ರಿಲಿನಲ್ಲಿ ಒಣಗಿ ಕಲ್ಲಾಗುತ್ತದೆ. ಆದ್ದರಿಂದ ಮೆಗ್ಗರಿಗೆ ಜುಲೈ ಹೇಗೋ ಅರ್ಥ್ ಅಳೆಯಲಿಕ್ಕೆ ಬಿರು ಬೇಸಿಗೆ ಹಾಗೆ. 5 ಓಮಿನೊಳಗೆ ಬಂದರೆ ನೆಮ್ಮದಿ. ಬಾರದಿದ್ದರೆ ಎರಡನೆಯ ಗುಂಡಿ ತೋಡಿ ಎರಡನ್ನೂ ಜೋಡಿಸಬೇಕು. ಕನಿಷ್ಠ 40 ಮಿ.ಮೀ ದಪ್ಪ, 2.5 ಮೀಟರ್ ಉದ್ದದ ಜಿಐ ಪೈಪು, ಪಾಯದಿಂದ ಒಂದೂವರೆ ಮೀಟರಾದರೂ ದೂರ. ಇದ್ದಿಲು, ಉಪ್ಪು ತುಂಬುವುದಾದರೆ ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಪೈಪಿನ ತಲೆ ಮಣ್ಣಿನಡಿ ಹೂತುಹೋಗದೆ ಸಣ್ಣ ಚೇಂಬರಿನಲ್ಲಿರಬೇಕು, ಬೋಲ್ಟು ತುಕ್ಕು ಹಿಡಿದದ್ದು ಕಾಣಬೇಕಲ್ಲ.

ಫೇಸಿನಿಂದ ಅರ್ಥ್‌ಗೆ ಬಲ್ಬು ಹಾಕಿ ಉರಿಯಿತೆಂದು ತೋರಿಸುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. 9 ವಾಟಿನ ಎಲ್‌ಇಡಿ ಕೆಟ್ಟ ಅರ್ಥಿನಲ್ಲೂ ಚಂದವಾಗಿ ಉರಿಯುತ್ತದೆ.

ಕೊನೆಯ ದಿನ

ಪ್ರತಿ ಪ್ಲಗ್ಗನ್ನೂ ನೋಡಿ: ಎದುರು ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸ್ವಿಚ್ ಆಫ್ ಮಾಡಿ ಬಲ್ಬಿನ ಹೋಲ್ಡರಿಗೆ ಟೆಸ್ಟರ್ ಇಟ್ಟಾಗ ಉರಿದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿ ಕೂತಿದೆ, ಬದಲಿಸಲು ಹೇಳಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ತಕ್ಷಣ ಬೀಳಬೇಕು, ಮುಂದೆ ತಿಂಗಳಿಗೊಮ್ಮೆ ನೀವೇ ಒತ್ತಬೇಕು. ಗೀಸರ್, ಎಸಿ, ಇಂಡಕ್ಷನ್ ಒಲೆ ಒಟ್ಟಿಗೆ ಅರ್ಧ ಗಂಟೆ ಓಡಿಸಿ, ಪ್ಲಗ್ ಪ್ಲೇಟುಗಳನ್ನೂ ಡಿಬಿಯ ಮುಚ್ಚಳವನ್ನೂ ಹೊರಗಿನಿಂದ ಅಂಗೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದ ಕಡೆ ಸ್ಕ್ರೂ ಸಡಿಲ, ಇಲ್ಲವೇ ಎಳೆ ಕತ್ತರಿಸಿದ್ದಾರೆ.

ಸಿಡಿಲಿಗಾಗಿ ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ ಹಾಕಿಸಿದ್ದರೆ ಅದರ ವಯರುಗಳ ಒಟ್ಟು ಉದ್ದ ಅರ್ಧ ಮೀಟರಿನೊಳಗಿರಲಿ. ಅಂದಕ್ಕೆಂದು ಡಿಬಿಯೊಳಗೆ ಸುತ್ತಿ ಬಳಸಿ ತಂದರೆ ಅದರ ಪ್ರಯೋಜನ ಅಷ್ಟೇ ಕಡಿಮೆಯಾಗುತ್ತದೆ.

ಡಿಬಿಯ ಬಾಗಿಲ ಒಳಗೆ ಯಾವ ಎಂಸಿಬಿ ಯಾವ ಕೋಣೆಗೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿ, ಮೆಗ್ಗರ್ ಅಂಕಿಗಳ ಹಾಳೆಯನ್ನೂ ಅಲ್ಲೇ ಇಡಿ. ಮುಂದಿನ ಸಲ ಅದೇ ಸರ್ಕ್ಯೂಟು 50 ಮೆಗಾಓಮಿನಿಂದ 3ಕ್ಕೆ ಇಳಿದಿದ್ದರೆ ನೀರು ಎಲ್ಲಿ ನುಗ್ಗುತ್ತಿದೆ ಎಂದು ಇಡೀ ಮನೆ ಅಗೆಯದೆ ತಿಳಿಯುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆ ಹೊಯ್ಯುವ ಒಂದು ವಾರ ಹೊರಗಿನ ಲೈಟು, ಪಂಪು ಎಲ್ಲ ದಿನವೂ ಹಾಕಿ ನೋಡಿ. ಆರ್‌ಸಿಸಿಬಿ ಬೀಳದಿದ್ದರೆ ಇಟ್ಟುಕೊಂಡ ಶೇಕಡಾ 10ನ್ನು ಕೇಳುವ ಮೊದಲೇ ಕಳುಹಿಸಿಕೊಡಿ.